ಮೂಸಿ ನೋಡುವ ಕೆಲಸ

ದೇವದುರ್ಗದ ಹಳೆಯ ಪೆಟ್ರೋಲ್ ಬಂಕಿನಲ್ಲಿ ಮಣ್ಣು ಮೂಸಲು ಜನ ತಾವಾಗಿಯೇ ಮುಂದೆ ಬಂದರು.

ಬಂಕು ಮುಚ್ಚಿ ಬಹಳ ವರ್ಷಗಳಾಗಿದ್ದವು. ಅಲ್ಲಿ ದೊಡ್ಡದೊಂದು ಬಟ್ಟೆ ಅಂಗಡಿ ಕಟ್ಟಲು ಹೊರಗಿನವರು ಜಾಗ ಕೇಳಿದ್ದರು. ಶೇಖರ ಮೊಣಕೈ ಆಳದ ಗುಂಡಿ ತೋಡಿ, ಒಂದು ಹಿಡಿ ಮಣ್ಣು ತೆಗೆದು, ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದವರ ಕಡೆ ಅಂಗೈ ಚಾಚಿದ.

“ಊರ ಮಂದೀನೂ ಕೇಳಬೇಕಂತ ರೂಲ್ ಅದರೀ. ಜರಾ ಮೂಸಿ ಹೇಳ್ರಿ, ಏನ್ ವಾಸನಿ?”

“ಡೀಸಲ್,” ಎಂದ ಒಬ್ಬ.

“ಡೀಸಲ್ ಎಲ್ಲೀದಲೇ, ಸೀಮಿ ಎಣ್ಣಿ ಇದು. ಡೀಸಲ್‌ನ್ಯಾಗ ಸೀಮಿ ಎಣ್ಣಿ ಕಲಸೋದು ನಮ್ಮಪ್ಪ ಕಣ್ಣಾರೆ ನೋಡ್ಯಾನ.”

“ನಿಮ್ಮಪ್ಪ ನೋಡ್ಯಾನೋ, ಡಬ್ಬಿ ಹೊತ್ತು ತಂದು ಕೊಟ್ಟಾನೋ?”

ಎಲ್ಲರೂ ನಕ್ಕರು. ಶೇಖರನೂ ನಕ್ಕ. ನಕ್ಕು, ಅದೇ ಮಣ್ಣನ್ನು ತನ್ನ ಮೂಗಿನ ಹತ್ತಿರ ತಂದು, ಹುಬ್ಬು ಗಂಟಿಕ್ಕಿ, ತಲೆಯನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡ. ಈ ಮುಖವನ್ನು ಅವನು ಕನ್ನಡಿಯ ಮುಂದೆ ನಿಂತು ಕಲಿತಿದ್ದ. ಅವನಿಗೆ ಡೀಸಲ್ಲೂ ಬರಲಿಲ್ಲ, ಸೀಮೆಎಣ್ಣೆಯೂ ಬರಲಿಲ್ಲ. ಅವನಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ.

ಕೊರೊನಾದ ಎರಡನೆಯ ಅಲೆಯಲ್ಲಿ ಜ್ವರ ಬಂದಾಗ ಬಹಳ ಜನರ ಮೂಗಿನ ಹಾಗೆ ಅವನ ಮೂಗೂ ಸತ್ತಿತ್ತು. ಉಳಿದವರದು ತಿರುಗಿ ಬಂತು. ಅವನದು ಬರಲಿಲ್ಲ. ತೋರಿಸಿದ ವೈದ್ಯರೆಲ್ಲ ಕಾಯಿರಿ ಎಂದರು. ಅವನು ಕಾದ. ಕಾಯುತ್ತ ಕಾಯುತ್ತ ಒಂದು ವಿಚಿತ್ರ ಗಮನಿಸಿದ: ವಾಸನೆ ಹೋದ ಮೇಲೆ ಯಾವುದೂ ಹತ್ತಿರ ಬರುವುದಿಲ್ಲ. ಮೊದಲ ಮಳೆ ಬಿದ್ದರೆ ಅದು ಮಳೆಯ ಚಿತ್ರ. ತಟ್ಟೆಯಲ್ಲಿರುವುದು ಊಟದ ಚಿತ್ರ. ಪಕ್ಕದಲ್ಲಿ ಕುಳಿತ ಮನುಷ್ಯ ಕೂಡ ಎಲ್ಲೋ ದೂರದಿಂದ ಪ್ರಸಾರವಾಗುತ್ತಿರುವ ಹಾಗೆ.

ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನ ಹಿಂದೆ ಅವನೊಂದು ಖೋಲಿ ಹಿಡಿದಿದ್ದ. ಒಂದು ಸಂಜೆ ಮನೆಯ ಮಾಲಕಿ ಖತೀಜಾ ಬೀ ಬಾಗಿಲು ಬಡಿದು, ಒಳಗೆ ನುಗ್ಗಿ, ಸ್ಟವ್ ಬಂದ್ ಮಾಡಿ, ಕಿಟಕಿ ತೆರೆದು ಅವನನ್ನು ದಬಾಯಿಸಿದಳು: “ಅರೆ ಬಾಬಾ, ಗ್ಯಾಸ್ ಖುಲ್ಲಾ ಬಿಟ್ಟು ಮೊಬೈಲ್ ನೋಡಾಕತ್ತಿಯಲ್ಲ, ಮೂಗು ಅಡ ಇಟ್ಟು ಬಂದೀಯೇನು?” ಅವನು ನೆಗಡಿ ಎಂದ. ಮರುದಿನದಿಂದ ಅಡುಗೆ ನಿಲ್ಲಿಸಿ ಖಾನಾವಳಿಗೆ ಹೋಗತೊಡಗಿದ. ಅಲ್ಲಿ ತನ್ನ ಪಕ್ಕದವರು ಸಾರು ಹಳಸಿದೆ ಎಂದು ತಟ್ಟೆ ಸರಿಸಿದರೆ ಅವನೂ ಸರಿಸುತ್ತಿದ್ದ. ಎಲ್ಲರೂ ಮೂಗು ಮುಚ್ಚಿದಲ್ಲಿ ಮೂಗು ಮುಚ್ಚುತ್ತಿದ್ದ. ಮದುವೆ ಮನೆಯಲ್ಲಿ ಯಾರಾದರೂ ಮಲ್ಲಿಗೆ ಕೊಟ್ಟರೆ ಕಣ್ಣು ಮುಚ್ಚುತ್ತಿದ್ದ.

ಇದನ್ನು ಯಾರಿಗೂ ಹೇಳುವಂತಿರಲಿಲ್ಲ, ಯಾಕೆಂದರೆ ಅವನ ಕೆಲಸವೇ ಮೂಸಿ ನೋಡುವುದು.

ಯಾವುದೇ ಕಂಪನಿ ಹಳೆಯ ಮಿಲ್ಲನ್ನೋ ಬಂಕನ್ನೋ ಗೋದಾಮನ್ನೋ ಕೊಳ್ಳುವ ಮೊದಲು, ಅದಕ್ಕೆ ಸಾಲ ಕೊಡುವ ಬ್ಯಾಂಕು ಆ ನೆಲದಡಿ ಏನಿದೆ ಎಂದು ಕೇಳುತ್ತದೆ. ಎಣ್ಣೆ ಇಳಿದಿದೆಯೆ, ವಿಷ ಸೇರಿದೆಯೆ, ನೀರು ಕೆಟ್ಟಿದೆಯೆ. ಇದ್ದರೆ ನಾಳೆ ಅದು ಕೊಂಡವರ ತಲೆಗೆ ಬರುತ್ತದೆ. ರಾಯಚೂರಿನಲ್ಲಿ ಇಂಥ ವರದಿ ಬರೆದುಕೊಡುವ ಸಣ್ಣ ಆಫೀಸು ಬಸವಪ್ರಸಾದ ಅವರದು. ಗಾಳಿ ಎಳೆದುಕೊಂಡು ವಿಷ ಅಳೆಯುವ ಮಷಿನ್ನನ್ನು ಹೈದರಾಬಾದಿನಿಂದ ಬಾಡಿಗೆಗೆ ತರಿಸಬೇಕಿತ್ತು. ಆದ್ದರಿಂದ ಮೊದಲ ಹಂತದಲ್ಲಿ ಒಬ್ಬ ಹೋಗಿ, ಜಾಗ ಸುತ್ತಿ, ಹಳಬರನ್ನು ಮಾತಾಡಿಸಿ, ನಾಲ್ಕು ಕಡೆ ಮಣ್ಣು ತೆಗೆದು ಮೂಸಿ ಬರುವುದು ರೂಢಿ. ಅನುಮಾನ ಬಂದರೆ ಮಾತ್ರ ಮಷಿನ್ನು, ಲ್ಯಾಬು, ಎರಡನೆಯ ಹಂತ. “ಕಣ್ಣು, ಕಿವಿ, ಮೂಗು ಇದ್ರ ಸಾಕಲೇ ಶೇಖ್ರಾ, ಅರ್ಧ ಕೆಲಸ ಆದಂಗ,” ಎನ್ನುತ್ತಿದ್ದರು ಬಸವಪ್ರಸಾದ. ಮೂರರಲ್ಲಿ ಒಂದು ಇಲ್ಲವೆಂದು ತಿಳಿದರೆ ಅವರು ಒಂದು ದಿನವೂ ಇಟ್ಟುಕೊಳ್ಳುವವರಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಂತ್ರಾಟಿನ ಮೇಲೆ ಬೂದಿ ತುಂಬುತ್ತಿದ್ದವನ ಮಗ ಶೇಖರ; ಎಂ.ಎಸ್ಸಿ. ಓದಿ ಹಿಡಿದ ಈ ಕೆಲಸ ಬಿಟ್ಟರೆ ಅವನಿಗೆ ಬೇರೆ ಗೊತ್ತಿರಲಿಲ್ಲ. ಹಾಗಾಗಿ ಅವನು ಈ ಉಪಾಯ ಕಂಡುಕೊಂಡಿದ್ದ. ಅಂಗೈ ಚಾಚಿದರೆ ಜನ ಮೂಸುತ್ತಾರೆ, ಮೂಸಿ ಜಗಳವಾಡುತ್ತಾರೆ, ಜಗಳದ ಕೊನೆಗೆ ಒಂದು ಮಾತಿಗೆ ಬರುತ್ತಾರೆ. ಆ ಮಾತನ್ನು ಅವನು ಬರೆದುಕೊಳ್ಳುತ್ತಾನೆ.

ಇಷ್ಟು ದಿನ ಅದು ಕೆಟ್ಟಿರಲಿಲ್ಲ.

ದೇವದುರ್ಗ ಮುಗಿಸಿದ ವಾರವೇ ಮಾನ್ವಿಗೆ ಹೋಗಬೇಕಾಯಿತು. ಊರ ಹೊರಗೆ, ಭತ್ತದ ಗದ್ದೆಗಳು ಶುರುವಾಗುವಲ್ಲಿ, ಕೊಟ್ರೇಶ ಎಂಬ ವ್ಯಾಪಾರಿಯ ಹತ್ತಿ ಜಿನ್ನಿಂಗ್ ಮಿಲ್ಲೊಂದು ಮುಚ್ಚಿ ಬಿದ್ದಿತ್ತು. ಹೈದರಾಬಾದಿನ ಕಂಪನಿ ಅಲ್ಲಿ ದೊಡ್ಡ ಗೋದಾಮು ಕಟ್ಟಲಿತ್ತು. ಕೊಟ್ರೇಶ ಬರಲಿಲ್ಲ, ಫೋನಿನಲ್ಲೇ ಹೇಳಿದ: “ಅಲ್ಲಿ ಹತ್ತಿ ಬಿಟ್ರ ಏನೂ ಇರಲಿಲ್ರೀ. ಹತ್ತಿ ಏನು ವಾಸನಿ ಹೊಡೀತದ? ಗೋಪಮ್ಮ ಅದಾಳ, ಗೇಟ್ ತಗೀತಾಳ ನೋಡ್ರಿ.”

ಗೋಪಮ್ಮ ಗೇಟು ತೆಗೆದಳು. ಅರವತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು. ಗಂಡ ಹಂಪಯ್ಯ ಇಲ್ಲಿ ಕಾವಲಿಗಿದ್ದ. ಅವನು ಸತ್ತ ಮೇಲೆ ಇವಳೇ ಕಾವಲು. ಮಿಲ್ಲು ಮುಚ್ಚಿದ ಮೇಲೆ ಕಾಯಲು ಏನೂ ಉಳಿಯಲಿಲ್ಲ, ಆದರೆ ಯಾರೂ ಹೋಗು ಎನ್ನಲಿಲ್ಲ. ಅವಳ ಒಂದು ಕೋಣೆಯ ಮನೆ ಹಿಂದಿನ ಗೋದಾಮಿನ ಗೋಡೆಗೆ ಅಂಟಿಕೊಂಡಿತ್ತು. ಮುಂದೆ ಬೋರಿನ ಕೈಪಂಪು, ಎರಡು ಬದನೆ ಗಿಡ, ಒಂದು ಹಗ್ಗದ ಮಂಚ.

“ಬಿಸಿಲಾಗ ಬಂದೀದಿ, ಮೊದಲು ನೀರು ಕುಡಿಯಪ,” ಎಂದು ತಂಬಿಗೆ ಕೊಟ್ಟಳು. ಕುಡಿದ. ಇನ್ನೊಮ್ಮೆ ತುಂಬಿಸಿಕೊಟ್ಟಳು. ಅದನ್ನೂ ಕುಡಿದ.

“ಯಾವೂರಪ ನಿಂದು?”

“ಶಕ್ತಿನಗರ ಯವ್ವಾ.”

“ಅಯ್ಯ, ನನ್ನ ಮಗಳನ್ನ ಅಲ್ಲೇ ಕೊಟ್ಟೀನಲ್ಲೋ. ಮೌನೇಶ್ವರಿ ಅಂತ. ಸಾಲಿ ಟೀಚರು.” ಆಮೇಲೆ ಅವನ ಮನೆತನ ಕೇಳಿದಳು, ಅವನು ಹೇಳಿದ. ತಮ್ಮವನೇ ಎಂದು ತಿಳಿದ ಮೇಲೆ ಅವಳ ದನಿ ಇನ್ನಷ್ಟು ಜೋರಾಯಿತು. “ಹಂಗಂದ್ರ ದೊಡ್ಡ ಆಫೀಸರ ಆಗೀದಿ. ಚಲೋ ಆತು. ಏನ್ ನೋಡಾಕ ಬಂದೀ?”

“ಮಣ್ಣು.”

“ಮಣ್ಣು ನೋಡಾಕ ಪ್ಯಾಂಟು ಶರಟು ಹಾಕ್ಕೊಂಡು ಬಂದಿಯೇನು?”

ಅವನು ಜಾಗ ಸುತ್ತಿದ. ಅವಳು ಹಿಂದೆಯೇ ಬಂದಳು. ಜಿನ್ನಿಂಗ್ ಯಂತ್ರಗಳು ಹೋಗಿ ಅವುಗಳ ಕಾಲಿನ ಬೋಲ್ಟುಗಳು ಮಾತ್ರ ನೆಲದಲ್ಲಿ ಉಳಿದಿದ್ದವು. ಹಿಂದಿನ ಗೋದಾಮಿನ ನೆಲಕ್ಕೆ ಹೊಸದಾಗಿ ಸಿಮೆಂಟು ಬಳಿದಿತ್ತು. ಉಳಿದದ್ದೆಲ್ಲ ಹಳೆಯದು, ಇದೊಂದು ಮಾತ್ರ ಹೊಸದು. ಇಲ್ಲಿ ಏನಿತ್ತು ಎಂದು ಕೇಳಿದ.

“ಹತ್ತಿ ಬೀಜ ಇತ್ತು. ನಡುವ ಯಾರಿಗೋ ಬಾಡಿಗಿ ಕೊಟ್ಟಿದ್ರು. ಹೊಲಕ್ಕ ಹೊಡಿಯೋ ಎಣ್ಣಿ ಡಬ್ಬಿ ಇಡತಿದ್ರು. ಆಮ್ಯಾಗ ಅವರೂ ಎತ್ತಿಕೊಂಡು ಹೋದ್ರು.”

ಹೊಲಕ್ಕೆ ಹೊಡೆಯುವ ಎಣ್ಣೆ ಎಂದರೆ ಕೀಟನಾಶಕ. ಶೇಖರ ಗೋದಾಮಿನ ಹಿಂಗೋಡೆಯ ಹೊರಗೆ, ನೀರು ಹರಿದುಹೋಗುವ ತಗ್ಗಿನಲ್ಲಿ ಗುಂಡಿ ತೋಡಿದ. ಕರಿಮಣ್ಣು. ಕಲೆ ಕಾಣಲಿಲ್ಲ, ಕರಿಮಣ್ಣಿನಲ್ಲಿ ಕಲೆ ಎಲ್ಲಿ ಕಾಣುತ್ತದೆ? ಒಂದು ಹಿಡಿ ತೆಗೆದ. ಸುತ್ತ ನೋಡಿದ. ಬಸ್ ಸ್ಟಾಪು ಇರಲಿಲ್ಲ, ಚಹಾದಂಗಡಿ ಇರಲಿಲ್ಲ. ಇದ್ದವಳು ಇವಳೊಬ್ಬಳೇ.

“ಯವ್ವಾ, ಜರಾ ಇದನ್ನ ಮೂಸಿ ಹೇಳು.”

“ನಾ ಯಾಕ? ನಿನಗ ಮೂಗಿಲ್ಲೇನು?”

“ಇಲ್ಲಿದ್ದವರನ್ನ ಕೇಳಬೇಕಂತ ರೂಲ್ ಅದ.”

ಅವಳು ಮಣ್ಣು ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: “ಮಣ್ಣು ಕೆಟ್ಟದ ಅಂದ್ರ ಏನಾಗ್ತದಪ? ಮಾರಾಟ ನಿಂದ್ರತದೇನು?”

“ನಿಂತ್ರೂ ನಿಂದ್ರಬಹುದು.”

“ಚಲೋ ಅದ ಅಂದ್ರ?”

“ಕಂಪನಿಯವರು ತಗೋತಾರ.”

“ನನ್ನ ಮನಿ?”

ಅವನು ಅಂಗೈಯ ಮಣ್ಣು ನೋಡಿದ. ಅವಳಿಗೆ ಉತ್ತರ ಗೊತ್ತಿತ್ತು. ಕೈ ಚಾಚಿ ಮಣ್ಣು ಇಸಿದುಕೊಂಡಳು. ಮೂಗಿಗೆ ಹಿಡಿದಳು, ಕಣ್ಣು ಮುಚ್ಚಿದಳು, ಬಹಳ ಹೊತ್ತು ಹಾಗೇ ನಿಂತಳು. ಎಡಗೈಗೆ ಹಾಕಿಕೊಂಡು ಪುಡಿ ಮಾಡಿ ಮತ್ತೆ ಮೂಸಿದಳು.

“ಮಣ್ಣಿನ ವಾಸನಿ ಅದ, ಮತ್ತೇನಿಲ್ಲಪ,” ಎಂದಳು. ಆಮೇಲೆ ನಕ್ಕಳು. “ನಾರ್ತದ ಅಂತ ಸುಳ್ಳ ಹೇಳಬೇಕಂತ ಮಾಡಿದ್ದೆ. ಬಾಯಿಗೆ ಬರಲೇ ಇಲ್ಲ ನೋಡು.”

ಶೇಖರ ಅವಳನ್ನು ನಂಬಿದ. ಮೂಸಿದವರೆಲ್ಲರಲ್ಲಿ ಅವಳೇ ಹೆಚ್ಚು ನಂಬಿಕೆಗೆ ಅರ್ಹಳು ಎನಿಸಿತು, ಯಾಕೆಂದರೆ ಅವಳು ತನ್ನ ಮನೆಯನ್ನೇ ಕಳೆದುಕೊಳ್ಳುವ ಮಾತು ಹೇಳಿದ್ದಳು. ಆಫೀಸಿನ ಕಪಾಟಿನಲ್ಲಿ ಇಡಲು ಒಂದಿಷ್ಟು ಮಣ್ಣನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಚೀಲದಲ್ಲಿಟ್ಟುಕೊಂಡ. ಮಾನ್ವಿ ಬಸ್ ನಿಲ್ದಾಣದಿಂದ ಬಸವಪ್ರಸಾದ ಅವರಿಗೆ ಫೋನು ಮಾಡಿ, ಏನೂ ಇಲ್ಲ ಸರ್, ಸ್ವಚ್ಛ ಅದ, ಎಂದ. “ಭೇಷ್. ನಾಳಿ ಬ್ಯಾಂಕಿನವರಿಗೆ ಒಗದುಬಿಡ್ತೀನಿ,” ಎಂದರು ಅವರು.

ರಾಯಚೂರಿನ ಬಸ್ಸು ತುಂಬಿ ತುಳುಕುತ್ತಿತ್ತು. ಹೆಂಗಸರೇ ಮುಕ್ಕಾಲು ಪಾಲು. ಶೇಖರನಿಗೆ ಮುಂದೆ ಡ್ರೈವರನ ಪಕ್ಕ, ಇಂಜಿನ್ನಿನ ಮುಚ್ಚಳದ ಬಳಿ ನಿಲ್ಲಲು ಜಾಗ ಸಿಕ್ಕಿತು. ಚೀಲವನ್ನು ಅದರ ಮೇಲೆಯೇ ಇಟ್ಟ. ಮುಚ್ಚಳ ಕಾದು ಸುಡುತ್ತಿತ್ತು.

ಊರು ದಾಟಿ ಸ್ವಲ್ಪ ಹೊತ್ತಿಗೆ ಮುಂದಿನ ಸೀಟಿನ ಹೆಂಗಸೊಬ್ಬಳು ಸೆರಗನ್ನು ಮೂಗಿಗೆ ಹಿಡಿದಳು. ಆಮೇಲೆ ಅವಳ ಪಕ್ಕದವಳು. ಆಮೇಲೆ ಆಚೆ ಸೀಟಿನ ರುಮಾಲಿನ ಮುದುಕ. ಶೇಖರ ರೂಢಿಯಂತೆ ಜೇಬಿನಿಂದ ಕರವಸ್ತ್ರ ತೆಗೆದು ತಾನೂ ಮೂಗು ಮುಚ್ಚಿದ.

“ಏನಬೇ ಇದು ಘಾಟು?”

“ಡ್ರೈವರಣ್ಣ, ಇಂಜಿನ್ ಸುಡಾಕತ್ತದೇನು ನೋಡಪ.”

“ನನ್ನ ಇಂಜಿನ್‌ಗೆ ಏನೂ ಆಗಿಲ್ಲ, ನಿಮ್ಮ ಗಂಟಿನ್ಯಾಗ ಏನದ ನೋಡ್ಕೊಳ್ರಿ,” ಎಂದ ಡ್ರೈವರ್.

“ನನ್ನ ಗಂಟಿನ್ಯಾಗ ಸಜ್ಜಿ ರೊಟ್ಟಿ ಅದಾವ. ಮೂಸಿ ನೋಡ್ತೀಯೇನು?”

“ಎಣ್ಣಿ ವಾಸನಿರೀ ಇದು. ಹೊಲಕ್ಕ ಹೊಡಿಯೋದು.”

“ಗ್ಯಾಸ್ ಸಿಲಿಂಡರು ಇರಬೇಕು.”

“ಸಿಲಿಂಡರ್ ಹಿಂಗ ನಾರತದೇನು? ಯಾರೋ ಎಂಡ್ರಿನ್ ಡಬ್ಬಿ ಚೆಲ್ಲ್ಯಾರ. ಲೇ, ಯಾರಲೇ ಅದು, ಹೇಳ್ರಿ!”

ಶೇಖರ ಉಳಿದವರಂತೆಯೇ ಕತ್ತು ತಿರುಗಿಸಿ ಯಾರೆಂದು ಹುಡುಕಿದ. ಎಲ್ಲರ ಮುಖಗಳೂ ಬೈಗುಳದ ಮುಖಗಳಾಗಿದ್ದವು, ಅವನೂ ಹಾಗೆಯೇ ಮುಖ ಮಾಡಿಕೊಂಡ. ಆಗ ಒಂದು ಮಗು ವಾಂತಿ ಮಾಡಿಕೊಂಡಿತು. ಕಂಡಕ್ಟರು ಸೀಟುಗಳ ನಡುವೆ ಒಂದೊಂದೇ ಚೀಲದ ಮೇಲೆ ಬಗ್ಗುತ್ತ ಮುಂದೆ ಬಂದು, ಇಂಜಿನ್ನಿನ ಮೇಲಿದ್ದ ಚೀಲದ ಹತ್ತಿರ ಬಂದವನೇ ಹಾವು ಕಂಡವನಂತೆ ಹಿಂದೆ ಸರಿದ.

“ಯಾರದು ಇದು?”

ಕರವಸ್ತ್ರ ಇನ್ನೂ ಶೇಖರನ ಮೂಗಿನ ಮೇಲೇ ಇತ್ತು.

“ನಂದು,” ಎಂದ.

ಎಲ್ಲರೂ ಒಮ್ಮೆಲೇ ಶುರು ಮಾಡಿದರು. “ತಾನೇ ತಂದು ತಾನೇ ಮೂಗು ಮುಚ್ಚತಾನ ನೋಡಬೇ!” “ಓದಿದಾಂವ ಕಂಡಂಗ ಕಾಣತಾನ.” “ಇಳಸ್ರಿ ಮೊದಲು ಇಂವನ್ನ.” ಮಣ್ಣಷ್ಟೇ ಇದೆ ಎಂದು ಅವನು ಡಬ್ಬಿ ತೋರಿಸಿದ. ಮುಚ್ಚಳ ಬಿಸಿಗೆ ಒಂದು ಕಡೆ ಎದ್ದಿತ್ತು. ಡಬ್ಬಿ ಹೊರಬಂದದ್ದೇ ಮುಂದಿನ ಸೀಟಿನವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತ ಹಿಂದಕ್ಕೆ ಸರಿದರು. ಅವನ ಸುತ್ತ ಜಾಗ ಖಾಲಿಯಾಯಿತು. ಅಂಥ ಗದ್ದಲದ ಬಸ್ಸಿನಲ್ಲಿ, ಕಾಲಿಡಲೂ ಜಾಗವಿಲ್ಲದಲ್ಲಿ, ಅವನು ಒಬ್ಬನೇ ಒಂದು ವೃತ್ತದೊಳಗೆ ನಿಂತಿದ್ದ.

ಮುಂದಿನ ಕ್ರಾಸಿನಲ್ಲಿ ಅವನನ್ನು ಇಳಿಸಿ ಬಸ್ಸು ಹೋಯಿತು.

ರಸ್ತೆಯ ಪಕ್ಕ ಕಾಲುವೆ ತುಂಬಿ ಹರಿಯುತ್ತಿತ್ತು. ಆಚೆ ಭತ್ತದ ಗದ್ದೆ, ದೂರದಲ್ಲಿ ಬಗ್ಗಿದ ಹೆಂಗಸರ ಸಾಲು. ಶೇಖರ ಕಾಲುವೆಯ ಕಟ್ಟೆಯ ಮೇಲೆ ಕುಳಿತು ಡಬ್ಬಿಯ ಮುಚ್ಚಳ ಪೂರ್ತಿ ತೆಗೆದ. ಮೂಗನ್ನು ಮಣ್ಣಿಗೆ ತಾಗುವಷ್ಟು ಒಳಗಿಟ್ಟು, ಎದೆ ತುಂಬ ಎಳೆದುಕೊಂಡ. ಏನೂ ಇಲ್ಲ. ಇನ್ನೊಮ್ಮೆ ಎಳೆದುಕೊಂಡ. ಕಣ್ಣು ಉರಿಯಿತು, ಅಷ್ಟೇ.

ಅವನು ಸುಮ್ಮನೆ ಈ ಮಣ್ಣನ್ನು ಎಸೆದುಬಿಡಬಹುದಿತ್ತು. ವರದಿ ಹೇಗೂ ಆಗಿತ್ತು. ಬಸ್ಸಿನವರಲ್ಲಿ ಯಾರಿಗೂ ಅವನ ಹೆಸರು ಗೊತ್ತಿರಲಿಲ್ಲ. ಕಂಪನಿ ಸಿಮೆಂಟಿನ ಮೇಲೆ ಇನ್ನಷ್ಟು ಸಿಮೆಂಟು ಹಾಕಿ ಗೋದಾಮು ಕಟ್ಟುತ್ತದೆ, ಕೆಲಸದವರು ಅದೇ ಬೋರಿನ ನೀರು ಕುಡಿಯುತ್ತಾರೆ, ಅವನ ಕೆಲಸ ಉಳಿಯುತ್ತದೆ. ಮಣ್ಣು ಕೆಟ್ಟದ್ದೆಂದು ಈಗ ಹೇಳಿದರೆ ಮಧ್ಯಾಹ್ನ ಯಾಕೆ ತಿಳಿಯಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಒಂದೇ ಉತ್ತರ.

ಅವನನ್ನು ಕಾಡಿದ್ದು ಗೋಪಮ್ಮ. ಅವಳು ಯಾಕೆ ಹಾಗೆ ಹೇಳಿದಳು? ಸುಳ್ಳು ಹೇಳಿದ್ದರೆ ಅವಳ ಮನೆ ಉಳಿಯುತ್ತಿತ್ತು. ಅವಳು ಕಣ್ಣು ಮುಚ್ಚಿ ನಿಂತದ್ದು ನೆನಪಾಯಿತು, ಮಣ್ಣು ಪುಡಿ ಮಾಡಿ ಎರಡನೆಯ ಸಲ ಮೂಸಿದ್ದು ನೆನಪಾಯಿತು. ಆಗ ಅವನಿಗೆ ಹೊಳೆಯಿತು. ಸುಳ್ಳಲ್ಲ. ಅವಳಿಗೆ ನಿಜವಾಗಿಯೂ ಬರುವುದಿಲ್ಲ. ವರ್ಷಗಟ್ಟಲೆ ಆ ಗೋಡೆಗೆ ತಲೆಯಿಟ್ಟು ಮಲಗಿದವಳಿಗೆ ಅದು ವಾಸನೆಯೇ ಅಲ್ಲ, ಅದು ಗಾಳಿ. ಅವಳು ಮಣ್ಣಿನ ವಾಸನೆ ಎಂದದ್ದು ಅದನ್ನೇ.

ಮತ್ತು ಅವಳು ಆ ನೀರು ಕುಡಿಯುತ್ತಾಳೆ.

ಮಾನ್ವಿಯ ಕಡೆ ಹೊರಟ ಟಂಟಂ ಆಟೋ ಒಂದಕ್ಕೆ ಕೈ ಮಾಡಿದ. ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಡ್ರೈವರನಿಗೆ ಹೇಳಿ, ಹಿಂದಿನ ಕಂಬಿಗೆ ಹೊರಗೆ ನೇತುಹಾಕಿದ.

ಗೋಪಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಿಸಿಲು ಇಳಿದಿತ್ತು. ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ಏನಪ, ಏನರ ಮರತು ಹೋಗಿದ್ದೇನು?”

“ಇಲ್ಲ ಯವ್ವಾ. ಮಣ್ಣು ನಾರಾಕತ್ತದ. ಬಸ್ಸಿನ್ಯಾಗ ಮಂದಿ ತಾಳಲಾರದ ನನ್ನ ಇಳಿಸಿಬಿಟ್ರು.”

ಅವಳು ಡಬ್ಬಿ ಇಸಿದುಕೊಂಡು ಮೂಸಿದಳು. “ಏನೂ ಇಲ್ಲಲೋ.”

“ಬಸ್ಸು ತುಂಬ ಮಂದಿಗೆ ಬಂತು. ಒಂದು ಕೂಸು ವಾಂತಿ ಮಾಡ್ಕೊಂತು.”

“ಬಸ್ಸು ತುಂಬ ಮಂದಿಗೆ ಬರೋದು ನನಗ ಬರಂಗಿಲ್ಲೇನು? ಕುದಿಯೋ ಸಾರು ಮೂಸೇ ಉಪ್ಪು ಹೇಳಾಕಿ ನಾನು.”

“ದಿನಾ ಅದರಾಗ ಇದ್ದವರಿಗೆ ಗೊತ್ತಾಗಲ್ಲ ಯವ್ವಾ. ಮೂಗಿಗೆ ರೂಢಿ ಆಗಿಬಿಡ್ತದ.”

“ಮತ್ತ ನಿನಗ ಯಾಕ ಗೊತ್ತಾಗಲಿಲ್ಲ? ನೀ ಏನು ಇಲ್ಲಿ ಹುಟ್ಟಿ ಬೆಳದೀದೇನು?”

ಆ ಪ್ರಶ್ನೆ ಇಷ್ಟು ಬೇಗ, ಇವಳಿಂದ ಬರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಕೈಪಂಪಿನ ಕಟ್ಟೆಯ ಮೇಲೆ ಕುಳಿತ.

“ನನಗ ವಾಸನೀನ ಬರಲ್ಲ ಯವ್ವಾ. ಕೊರೊನಾ ಬಂದಾಗಿಂದ. ಯಾರಿಗೂ ಹೇಳಿಲ್ಲ.”

ಅವಳು ಅವನನ್ನು ನೋಡಿದಳು. ಮೊದಲು ತುಟಿ ಅಲುಗಿತು, ಆಮೇಲೆ ಭುಜ, ಆಮೇಲೆ ಹಿಟ್ಟಿನ ಕೈಯಿಂದ ಹಣೆ ಹಿಡಿದುಕೊಂಡು ನಕ್ಕಳು. “ಅಯ್ಯೋ ನನ್ನಪ್ಪನ! ಮೂಗಿಲ್ಲದಾಂವ ಮೂಸಾಕ ಬಂದಿದ್ದೇನು? ಊರೆಲ್ಲಾ ಬಿಟ್ಟು ನನಗ ಹಿಡದು ಕೊಡತೀಯಲ್ಲೋ!” ಶೇಖರನೂ ನಕ್ಕ. ಅದನ್ನು ಯಾರಿಗಾದರೂ ಹೇಳಿದರೆ ನಗು ಬರುತ್ತದೆ ಎಂಬುದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.

ಅವಳ ನಗು ಒಮ್ಮೆಗೇ ನಿಂತಿತು.

“ಮಧ್ಯಾಹ್ನ ಈ ನೀರು ನಿನಗೂ ಕುಡಿಸಿದೆ ನಾ.”

“ಒಂದು ದಿನಕ್ಕ ಏನಾಗಲ್ಲ ಯವ್ವಾ. ನೀ ಇನ್ನ ಕುಡೀಬ್ಯಾಡ. ಇಲ್ಲಿ ಮಲಗಲೂಬ್ಯಾಡ.”

ಅವಳು ಬದನೆ ಗಿಡಗಳನ್ನು ನೋಡಿದಳು. ಒಲೆಯ ಮೇಲಿನ ರೊಟ್ಟಿ ಹೊಗೆಯಾಡತೊಡಗಿತು. ಅದು ಶೇಖರನಿಗೆ ಕಣ್ಣಿಗೆ ಕಂಡಿತು, ಎದ್ದು ಒಳಗೆ ಹೋಗಿ ಹೆಂಚು ಇಳಿಸಿದ.

ಅಲ್ಲೇ ನಿಂತು ಬಸವಪ್ರಸಾದ ಅವರಿಗೆ ಫೋನು ಮಾಡಿದ. ಆಮೇಲೆ ಮಾಡುತ್ತೇನೆಂದರೆ ಮಾಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

“ಸರ್, ಆ ಮಿಲ್ಲಿನ ರಿಪೋರ್ಟ್ ಕಳಿಸಬ್ಯಾಡ್ರಿ. ಮಣ್ಣಾಗ ಎಣ್ಣಿ ಅದ. ನೀರಿನ್ಯಾಗೂ ಇರಬೇಕು. ಎರಡನೇ ಹಂತ ಮಾಡಬೇಕು.”

“ಮಧ್ಯಾಹ್ನ ಇರಲಿಲ್ಲ, ಈಗೆಲ್ಲಿಂದ ಬಂತಲೇ? ಕೊಟ್ರೇಶಂಗ ಆಗ್ದವರು ಯಾರರ ನಿನ್ನ ಹಿಡದಾರೇನು?”

“ಇಲ್ಲ ಸರ್. ಮಧ್ಯಾಹ್ನ ನನಗ ಗೊತ್ತಾಗಲಿಲ್ಲ. ನನಗ ವಾಸನಿ ಬರಲ್ಲ ಸರ್.”

“ನೆಗಡಿ ಏನು?”

“ಅಲ್ಲ ಸರ್. ಕೊರೊನಾ ಆದಾಗಿಂದ.”

ಆ ಕಡೆ ಟಿ.ವಿ.ಯ ಸದ್ದು ಕಡಿಮೆಯಾಯಿತು.

“ಹಂಗಂದ್ರ ದೇವದುರ್ಗ?”

“ಬಸ್ಸಿಗೆ ನಿಂತ ಮಂದಿ ಮೂಸಿದ್ರು ಸರ್.”

“ಸಿಂಧನೂರಿನ ಕೋಲ್ಡ್ ಸ್ಟೋರೇಜು?”

“ಅಲ್ಲಿ ವಾಚ್‌ಮನ್.”

“ಲಿಂಗಸುಗೂರು?”

“ಚಹಾದಂಗಡಿಯಾಕಿ.”

“ಚಹಾದಂಗಡಿಯಾಕಿ ಮೂಸಿದ್ದಕ್ಕ ನಾ ಸಹಿ ಹಾಕೀನಿ,” ಎಂದರು ಬಸವಪ್ರಸಾದ, ತಮಗೆ ತಾವೇ ಹೇಳಿಕೊಳ್ಳುವಂತೆ. ಬೈಯುತ್ತಾರೆಂದು ಶೇಖರ ಕಾದ. ಅವರು ಬೈಯಲಿಲ್ಲ. “ನಾಳಿ ನಿನ್ನ ಬದಲಿ ಕೃಷ್ಣನ್ನ ಕಳಿಸ್ತೀನಿ, ಮಷಿನ್ ತರಸ್ತೀನಿ. ನೀ ಮಾಡಿದ್ದೆಲ್ಲಾ ತಿರುಗಿ ನೋಡಬೇಕು. ನೀ ಇನ್ನ ಸೈಟಿಗೆ ಹೋಗಬ್ಯಾಡಪ. ಆಫೀಸಿಗೆ ಬಂದು ನಿನ್ನ ಸಾಮಾನು ತಗೊಂಡು ಹೋಗು.” ಅವರು ಅವನನ್ನು ಯಾವತ್ತೂ ‘ಲೇ’ ಬಿಟ್ಟು ಬೇರೆ ಕರೆದವರಲ್ಲ. ಆ ‘ಅಪ’ದಿಂದ ಎಲ್ಲ ಮುಗಿಯಿತೆಂದು ಅವನಿಗೆ ತಿಳಿಯಿತು.

ಫೋನು ಜೇಬಿಗಿಟ್ಟು ಹೊರಗೆ ಬಂದಾಗ ಗೋಪಮ್ಮ ತನ್ನ ತೋಳನ್ನು ಮೂಗಿಗೆ ಹಿಡಿದು ನಿಂತಿದ್ದಳು. ತೋಳು ಬಿಟ್ಟು ಸೆರಗು ಮೂಸಿದಳು. ಮಂಚದ ಮೇಲಿನ ಕೌದಿ ಎತ್ತಿ ಮೂಸಿದಳು. ಹಗ್ಗದ ಮೇಲೆ ಒಣಗುತ್ತಿದ್ದ ರವಿಕೆ ತೆಗೆದು ಮುಖಕ್ಕೆ ಒತ್ತಿಕೊಂಡಳು.

“ನಾ ನಾರ್ತೀನೇನಪ?” ಎಂದಳು.

“ನನಗ ಗೊತ್ತಾಗಲ್ಲ ಯವ್ವಾ.”

“ಹೌದಲ್ಲ. ನಿನಗ ಕೇಳತೀನಲ್ಲ ನಾನೂ.” ರವಿಕೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. “ನಾ ಸಣ್ಣಾಕಿದ್ದಾಗ ನಾವು ಹಾದು ಹೋದ್ರ ಮ್ಯಾಲಿನ ಓಣಿ ಹೆಣ್ಮಕ್ಕಳು ಸೆರಗು ಮೂಗಿಗೆ ಹಿಡೀತಿದ್ರು. ನಮ್ಮವ್ವ ನನ್ನ ಕಲ್ಲೀಲೆ ತಿಕ್ಕಿ ತಿಕ್ಕಿ ಜಳಕ ಮಾಡಸತಿದ್ಲು. ಆವಾಗ ಅದು ಸುಳ್ಳಿತ್ತು. ಸುಳ್ಳಂತ ನಮಗ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಈಗ ಖರೇ ಆತೇನೋ?”

ಶೇಖರನಿಗೆ ಬಸ್ಸಿನೊಳಗಿನ ವೃತ್ತ ಕಣ್ಣ ಮುಂದೆ ಬಂತು. ಅಲ್ಲಿ ನಿಂತಾಗ ಅವನ ಎದೆಯಲ್ಲಿ ಎದ್ದದ್ದು ಇಂದಿನ ಅವಮಾನ ಮಾತ್ರ ಆಗಿರಲಿಲ್ಲ. ಅದಕ್ಕೆ ಹೆಸರು ಹುಡುಕಲು ಅವನು ಹೋಗಿರಲಿಲ್ಲ. “ಅದು ಬ್ಯಾರೆ, ಇದು ಬ್ಯಾರೆ ಯವ್ವಾ. ಇದು ಮಣ್ಣಿಂದು,” ಎಂದ. ಮಾತು ಅವನಿಗೇ ತೆಳ್ಳಗೆ ಕೇಳಿಸಿತು.

“ನನ್ನ ಮಗಳು ಮೌನಿ ಬಂದ್ರ ಗೇಟಿನ ಹತ್ರಾನ ನಿಂದ್ರತಾಳ,” ಎಂದಳು ಗೋಪಮ್ಮ. “ತಲಿ ನೋಯ್ತದ ಅಂತಾಳ. ಹುಡುಗರನ್ನ ಇಲ್ಲಿ ಮಲಗಿಸಂಗಿಲ್ಲ. ಟೀಚರಾದ ಮ್ಯಾಲ ಸೊಕ್ಕು ಬಂದದ ಅಂತ ನಾನೂ ಅಕಿ ಮನಿಗೆ ಹೋಗೋದು ಬಿಟ್ಟೆ. ಹಬ್ಬಕ್ಕೂ ಹೋಗಲಿಲ್ಲ.”

ಮಂಚದ ಕೆಳಗಿನಿಂದ ಹಳೆಯ ಫೋನು ತೆಗೆದಳು. ಕಣ್ಣು ಕಿರಿದು ಮಾಡಿ ಗುಂಡಿ ಒತ್ತಿದಳು. ಅವಳಿಗೆ ಕಿವಿಗಿಟ್ಟು ಮಾತಾಡಿ ರೂಢಿಯಿರಲಿಲ್ಲ. ಫೋನನ್ನು ಬಾಯಿಯ ಮುಂದೆ ಹಿಡಿದಳು. ಆ ಕಡೆಯ ದನಿ ಅಂಗಳಕ್ಕೆಲ್ಲ ಕೇಳಿತು.

“ಯವ್ವಾ? ಏನಾತು, ಈ ಹೊತ್ತಿನ್ಯಾಗ?”

“ಏನಿಲ್ಲ ಮೌನೀ. ಒಂದು ಮಾತು ಕೇಳಬೇಕಿತ್ತು.”

“ಕೇಳು.”

“ನಾ ನಾರ್ತೀನೇನು?”

ಆ ಕಡೆ ಒಂದು ಮಗು ಪಾಠ ಒಪ್ಪಿಸುತ್ತಿತ್ತು. ಯಾವುದೋ ಬಾಗಿಲು ಹಾಕಿದ ಸದ್ದಾಯಿತು. ಮಗುವಿನ ದನಿ ನಿಂತಿತು.

“ಯಾರಂದ್ರು ನಿನಗ?” ಎಂದಳು ಮೌನೇಶ್ವರಿ.

ಗೋಪಮ್ಮ ಫೋನನ್ನೇ ನೋಡಿದಳು. ಇಲ್ಲ ಎನ್ನಬಹುದಿತ್ತು ಮಗಳು. ಹುಚ್ಚಿ, ಏನು ಕೇಳ್ತೀ ಎನ್ನಬಹುದಿತ್ತು.

“ಯವ್ವಾ, ಯಾರಂದ್ರು ಹೇಳು. ಯವ್ವಾ? ನೀ ಇಲ್ಲಿಗೆ ಬಂದುಬಿಡು, ನಾ ಎಷ್ಟು ಸಲ ಹೇಳೀನಿ—”

“ಇಲ್ಲಿ ನೆಟ್‌ವರ್ಕ್ ಇಲ್ಲಬೇ,” ಎಂದು ಗೋಪಮ್ಮ ಫೋನು ಇಟ್ಟಳು.

ಗದ್ದೆಯ ಕಡೆಯಿಂದ ಗಾಳಿ ಬೀಸಿ ಬದನೆ ಎಲೆಗಳು ಅಲುಗಿದವು. ಆ ಗಾಳಿ ಏನನ್ನು ಹೊತ್ತು ತರುತ್ತಿದೆ ಎಂದು ಅಂಗಳದಲ್ಲಿದ್ದ ಇಬ್ಬರಲ್ಲಿ ಒಬ್ಬರಿಗೂ ತಿಳಿಯುವಂತಿರಲಿಲ್ಲ.

ಊರೊಳಗಿನಿಂದ ಒಂದು ಕ್ಯಾನು ನೀರು ತಂದುಕೊಟ್ಟು ಹೋಗುತ್ತೇನೆ ಎಂದು ಶೇಖರ ಎದ್ದ.

“ಆಮ್ಯಾಲ ತರುವಂತಿ. ಎಲ್ಲಿಗೆ ಹೊಂಟೀ ಈಗ? ಕೆಲಸ ಹೋತಲ್ಲ ನಿಂದು, ನಾನೂ ಕೇಳಿದೆ.” ಅವಳು ಮಂಚದ ಮೇಲಿನ ಕೌದಿ ತೆಗೆದು ನೆಲಕ್ಕೆ ಹಾಕಿದಳು, ಬರಿಯ ಹಗ್ಗದ ಮಂಚ ಉಳಿಯಿತು. “ಜರಾ ಕುಂದ್ರಪ. ನಿನಗಂತೂ ತ್ರಾಸಿಲ್ಲ.”

ಅವನು ಕುಳಿತ. ಅವಳೂ ಕುಳಿತಳು. ಫೋನು ಇಬ್ಬರ ನಡುವೆ ಮತ್ತೆ ಗುಂಯ್‌ಗುಟ್ಟತೊಡಗಿತು; ಅವಳು ಅದನ್ನು ಬೋರಲು ಹಾಕಿದಳು. ಆಮೇಲೆ, ತ್ರಾಸಿಲ್ಲ ಎಂದು ತಾನೇ ಹೇಳಿದ್ದರೂ, ಸೆರಗನ್ನು ಮೈತುಂಬ ಎಳೆದುಕೊಂಡು ಮಂಚದ ಆ ತುದಿಗೆ ಸರಿದಳು.